ಶೈತ್ಯ ವಿಭಾಗ, ಸಂಜೆ ತರಗತಿ

ಉಡುಪಿಯ ನಮ್ಮ ಸರ್ಕಾರಿ ಸಂಜೆ ಕಾಲೇಜಿನಲ್ಲಿ
ಟೈಲರಿಂಗಿಗೆ ನಲವತ್ತು ಸೀಟು, ಟ್ಯಾಲಿಗೆ ಅರವತ್ತು,
ನರ್ಸಿಂಗಿಗೆ ಗೇಟಿನವರೆಗೂ ಸಾಲು.
ನನ್ನ ಫ್ರಿಜ್ಜು-ಎಸಿ ಕೋರ್ಸಿಗೆ ಆ ವರ್ಷ ಹನ್ನೊಂದು ಜನ:
ಹತ್ತು ಹುಡುಗರು, ಮತ್ತೆ
ಗಿರಿಜಾ ತಿಂಗಳಾಯ, ವಯಸ್ಸು ನಲವತ್ನಾಲ್ಕು,
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಹತ್ತೊಂಬತ್ತು ವರ್ಷ.

ಜೂನ್ ತಿಂಗಳು. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿ ನಿದ್ದೆ.
ಮೀನಿಲ್ಲದಿದ್ದರೆ ಐಸಿಲ್ಲ, ಐಸಿಲ್ಲದಿದ್ದರೆ ಸಂಬಳವಿಲ್ಲ.
"ಸುಮ್ಮನೆ ಕೂತು ಏನು ಮಾಡುವುದು ಸರ್," ಅಂದವಳು
ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಎಂದು ಬರೆದು, ಪಕ್ಕದಲ್ಲಿ ಚಿಕ್ಕದಾಗಿ
ಗಣಿತ ಎರಡನೇ ಸಲ ಎಂದೂ ಸೇರಿಸಿದ್ದಳು.
ಯಾರೂ ಕೇಳಿರಲಿಲ್ಲ.

ಮೊದಲ ಪಾಠ. ಬೋರ್ಡಿನ ಮೇಲೆ ಬರೆದೆ:
ಶೀತ ಎಂಬ ವಸ್ತುವಿಲ್ಲ.
ಶಾಖ ಎದ್ದುಹೋದ ಜಾಗಕ್ಕೆ ನಾವಿಟ್ಟ ಹೆಸರು ಅದು.
ಹುಡುಗರು ಬರೆದುಕೊಂಡರು.
ಅವಳು ಪೆನ್ನು ಕೆಳಗಿಟ್ಟು ಬಲಗೈ ಎತ್ತಿದಳು.
ಕೇಳಲಿಕ್ಕೆ ಎಂದುಕೊಂಡೆ. ತೋರಿಸಲಿಕ್ಕೆ ಎತ್ತಿದ್ದು.
"ಈ ಎರಡು ಬೆರಳಿಗೆ ಈಗ ಬಿಸಿ ಚಾದ ಲೋಟವೂ ತಿಳಿಯುವುದಿಲ್ಲ.
ಇಲ್ಲದ್ದು ಹೇಗೆ ಸರ್ ಕಚ್ಚಿತು?"

ಪುಸ್ತಕದಲ್ಲಿ ಅದಕ್ಕೆ ಪುಟವಿರಲಿಲ್ಲ.
ಬೆಲ್ ಆಯಿತು, ನನ್ನ ಪುಣ್ಯ.

ಪ್ರಾಕ್ಟಿಕಲ್ಲಿಗೆ ನಮ್ಮಲ್ಲಿರುವುದು ಒಂದೇ ಯಂತ್ರ,
ಯಾವುದೋ ಕಚೇರಿ ಬೇಡವೆಂದು ಕೊಟ್ಟದ್ದು.
ಓಡುತ್ತದೆ, ತಣಿಸುವುದಿಲ್ಲ.
ಹುಡುಗರು ಗೇಜ್ ಸಿಕ್ಕಿಸಿ, ಅಂಕಿ ಓದಿ, ಜಗಳಾಡಿ, ಮತ್ತೆ ಓದಿದರು.
ಅವಳು ಮೊಣಕೈಯ ಒಳಮೈಯನ್ನು ಪೈಪಿಗೆ ತಾಗಿಸಿ,
ಮಗುವಿನ ಸ್ನಾನದ ನೀರು ನೋಡುವ ಹಾಗೆ,
ಸರಿಸುತ್ತ ಸರಿಸುತ್ತ ಒಂದು ಕಡೆ ನಿಂತಳು:
"ಇಲ್ಲಿಯವರೆಗೆ ಬೆಚ್ಚಗೆ ಬಂದದ್ದು ಇಲ್ಲಿ ಒಮ್ಮೆಲೇ ಬೆವರುತ್ತದೆ.
ಏನೋ ಸಿಕ್ಕಿಕೊಂಡಿದೆ. ಬಿಚ್ಚಿ."
ಬಿಚ್ಚಿದೆವು. ಸಾಸಿವೆಯಷ್ಟು ಕಸ.

ಆಗಸ್ಟಿಗೆ ಬೋಟುಗಳು ಹೊರಟವು.
ಈಗ ಅವಳು ಬರುವುದು ಪಾಳಿ ಮುಗಿಸಿ, ಸೀರೆಯಂಚು ಒದ್ದೆ,
ಹಿಂದಿನ ಬೆಂಚಿನ ಸುತ್ತ ಬಂಗುಡೆಯ ವಾಸನೆ.
ಹುಡುಗರು ಮೊದಲು ನಕ್ಕರು,
ಆಮೇಲೆ ಆ ಬೆಂಚಿಗಾಗಿ ಬೇಗ ಬರತೊಡಗಿದರು.
ಏಳೂ ಐವತ್ತರ ಬಸ್ಸಿಗೆ ಅವಳು ಓಡುವಾಗ
ಯಾರಾದರೊಬ್ಬ ಮುಂದೆ ಹೋಗಿ ರಸ್ತೆಗೆ ಕೈ ಅಡ್ಡ ಹಿಡಿಯುತ್ತಾನೆ.

ನಿನ್ನೆ ಉತ್ತರಪತ್ರಿಕೆ ತಿದ್ದುತ್ತಿದ್ದೆ.
ಪ್ರಶ್ನೆ ಒಂದು, ಎರಡು ಅಂಕ: ಶೀತ ಎಂದರೇನು?
ಗಿರಿಜಾ ಬರೆದದ್ದು ನಾನು ಬೋರ್ಡಿನಲ್ಲಿ ಬರೆದದ್ದೇ, ಅಲ್ಪವಿರಾಮ ಸಹಿತ.
ಎರಡು ಅಂಕ ಕೊಟ್ಟೆ.
ಅದರ ಮೇಲೆ ಬೇರೇನೋ ನಾಲ್ಕು ಸಾಲು ಬರೆದು
ಒಂದಕ್ಷರವೂ ಕಾಣದಂತೆ ಗೀಚಿ ಹಾಕಿದ್ದಳು.

ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆ.
"ರಾತ್ರಿ" ಇರಬಹುದು. "ಅಮ್ಮ" ಇರಬಹುದು.
ಹಾಳೆಯ ಬೆನ್ನ ಮೇಲೆ ಬೆರಳಾಡಿಸಿದೆ:
ಒತ್ತಿ ಬರೆಯುವ ಕೈ ಅವಳದು.
ಉಬ್ಬು ಸಿಕ್ಕಿತು. ಓದಲಿಕ್ಕಾಗಲಿಲ್ಲ.