ಹಾಸಿಗೆ ನಂಬರ್ ಮೂರು

ಅಕ್ಕಿಹಿಟ್ಟು ಕದಡಿ, ಕಾಯಿಸಿ,
ಮಣೆಯ ಮೇಲೆ ಚಾಕುವಿನಲ್ಲಿ ಸವರಿ ಸವರಿ
ಒಂದು ಗಂಟೂ ಸಿಗದಷ್ಟು ನುಣ್ಣಗೆ ಮಾಡಬೇಕು
ಅಂದಳು ಮಹಡಿಮನೆಯ ಸಿಂಚನಾ.
ಗಂಜಿಯ ವಿಷಯ ನನಗೆ ಹೇಳಬೇಡ ಮಾರಾಯ್ತಿ,
ಮೂವತ್ತೊಂದು ವರ್ಷ ಯೂನಿಫಾರ್ಮಿಗೆ ಹಾಕಿದ್ದೇನೆ,
ತಲೆಯ ಟೋಪಿ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತಿತ್ತು
ಅಂದೆ. ನಕ್ಕಳು.
ಮೊದಲ ಪಾತ್ರೆ ತಳ ಹಿಡಿಯಿತು.

ಜಪಾನಿನಲ್ಲಿ ಇದಕ್ಕೆ ತ್ಸುಮಾಮಿ ಅನ್ನುತ್ತಾರಂತೆ,
ಅಂದರೆ ಚಿವುಟುವುದು.
ಚಿವುಟಿದರೆ ಮೊಗ್ಗು ಕೆಡುವ ಊರು ನಮ್ಮದು;
ಚಿವುಟಿಯೇ ಹೂ ಮಾಡುವವರಿದ್ದಾರೆ ಅಂದರೆ
ನಾನು ಯಾಕೋ ತಕ್ಷಣ ನಂಬಿದೆ.
ಅಳದೆ, ನೀಲಿಗಟ್ಟಿ ಬಂದ ಎಷ್ಟು ಕೂಸುಗಳ ಅಂಗಾಲು
ಈ ಎರಡು ಬೆರಳಿಗೆ ಗೊತ್ತು.

ಬಟ್ಟೆ ಗಾಂಧಿ ಬಜಾರಿನ ನಜೀರ್ ಟೈಲರ್ ಕೊಟ್ಟದ್ದು,
ಯಾರ್ಯಾರದೋ ರವಿಕೆ ಹೊಲಿದು ಉಳಿದ ಚೂರು,
ಬಣ್ಣ ನೇರಳೆಹಣ್ಣು ತಿಂದ ನಾಲಿಗೆಯದು.
ಒಂದೂಕಾಲು ಅಂಗುಲದ ಚೌಕ, ಐದು.
ಮೂಲೆಗೆ ಮೂಲೆ. ಮತ್ತೆ ಮೂಲೆಗೆ ಮೂಲೆ.
ಆಮೇಲೆ ಎರಡೂ ಕಿವಿ ಹಿಂದಕ್ಕೆ.
ಗಾಯದ ಬಟ್ಟೆ ಮಡಚಿದ ಕೈ ಇದು,
ರಾತ್ರಿ ಪಾಳಿಯಲ್ಲಿ ತೂಕಡಿಸುತ್ತಲೇ ಡ್ರಮ್ಮು ತುಂಬಿಸಿದ್ದು.
ಆದರೂ ರೇಷ್ಮೆ ಮಾತು ಕೇಳುವುದಿಲ್ಲ,
ನುಣುಚಿ, ಬಿಚ್ಚಿಕೊಂಡು, ಮತ್ತೆ ಚೌಕವಾಗಿ ಬೀಳುತ್ತದೆ,
ಡಿಸ್ಚಾರ್ಜ್ ಬರೆಯುವ ಮೊದಲೇ
ಚೀಲ ಕಟ್ಟಿ ಬಾಗಿಲಲ್ಲಿ ನಿಂತವರ ಹಾಗೆ.

ಚಿಮ್ಮಟ ಮಾತ್ರ ನನ್ನದೇ.
ನಿವೃತ್ತಿಯ ದಿನ ಹಾರ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರದ ಜೊತೆ
ಚೀಲದಲ್ಲಿ ಹೇಗೋ ಬಂದುಬಿಟ್ಟದ್ದು.
ಬಂದದ್ದಲ್ಲ, ತಂದದ್ದು.

ಐದೂ ಎಸಳನ್ನು ಅಂಟಿನ ಮೇಲೆ ಸಾಲಾಗಿ ಕೂರಿಸಿ
ಬಿಡಬೇಕಂತೆ, ಕುಡಿಯಲಿ ಅಂತ.
ನೋಡಿದರೆ ವಾರ್ಡು.
ಒಂದು, ಎರಡು, ನಾಲ್ಕು, ಐದು ಗಪ್‌ಚಿಪ್.
ಮೂರನೇ ಹಾಸಿಗೆಯದು ಮಾತ್ರ
ಸೊಂಟ ಸಡಿಲಿಸಿ ಬಾಯಿ ತೆರೆಯುತ್ತದೆ.
ಹಿಡಿದೆ. ಬಿಟ್ಟೆ. ಮತ್ತೆ ತೆರೆಯಿತು.
ಓದಲಿಕ್ಕಿದೆ ಅಂತ ಸಿಂಚನಾ ಮೇಲೆ ಹೋದಳು.
ದುರ್ಗಿಗುಡಿಯ ಅಂಗಡಿಗಳ ಷಟರು ಒಂದೊಂದೇ ಇಳಿದವು.
ನಾನು ಹಿಡಿದುಕೊಂಡೇ ಕೂತೆ.

ಆಪರೇಷನ್ನಿಗೆ ಒಯ್ಯುವ ಮುಂಚೆ
ಬಳೆ ಬಿಚ್ಚಿಸಿ, ಮೂಗುತಿ ಬಿಚ್ಚಿಸಿ, ಮುಡಿದ ಹೂ ತೆಗೆಯುವುದು
ನನ್ನ ಕೆಲಸವಾಗಿತ್ತು.
ಬಳೆ, ಮೂಗುತಿ ಮನೆಯವರ ಕೈಗೆ, ಸಹಿ ಹಾಕಿಸಿ.
ಹೂವಿಗೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ,
ಗೇರುಬೀಜದಂತೆ ಬಾಗಿದ ಸ್ಟೀಲು ಟ್ರೇಗೆ, ಅಲ್ಲಿಂದ ಬಕೆಟ್ಟಿಗೆ.
ಕುಂಸಿಯ ಕಡೆಯವಳು, ಗುತ್ಯಮ್ಮ ಅಂತ,
ಸ್ಟ್ರೆಚರಿನ ಮೇಲಿಂದ ಕೇಳಿದ್ದಳು:
"ಬಾಡ್ದಂಗೆ ಇಟ್ಟಿರಿ ಸಿಸ್ಟ್ರೇ, ಬಂದ್ಮೇಲೆ ಮುಡ್ಕೋತೀನಿ."
ಹ್ಞೂಂ ಅಂದೆ.
ಒದ್ದೆ ಹತ್ತಿಯಲ್ಲಿ ಸುತ್ತಿ
ಇಂಜೆಕ್ಷನ್ನಿನ ಫ್ರಿಜ್ಜಿನಲ್ಲಿ ಇಟ್ಟೂ ಇದ್ದೆ,
ಹೆಡ್‌ಸಿಸ್ಟರ್ ಕಣ್ಣು ತಪ್ಪಿಸಿ.
ಮೂರನೇ ದಿನ ತೆಗೆದರೆ ಕಂದು.
ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.
ಬದುಕಿದಳು. ಬರಿ ಜಡೆಯಲ್ಲಿ ಬಸ್ಸು ಹತ್ತಿದಳು.

ಎರಡು ಗಂಟೆಗೆ ಎಚ್ಚರ, ಅಭ್ಯಾಸಬಲ.
ಟಾರ್ಚು ಹಿಡಿದು ಮೇಜಿನ ಹತ್ತಿರ ಹೋದರೆ
ಮೂರನೆಯದು ಬಾಯಿ ಮುಚ್ಚಿ ಮಲಗಿತ್ತು,
ತುಸು ಸೊಟ್ಟಗೆ, ಕೆನ್ನೆಗೆ ಗಂಜಿಯ ಬಿಳಿ ಕಲೆ.

ಬೆಳಿಗ್ಗೆ ರಟ್ಟಿನ ಬಿಲ್ಲೆಯ ಮೇಲೆ ಐದನ್ನೂ ಕೂಡಿಸಿ
ನಡುವೆ ಹಳೆ ಯೂನಿಫಾರ್ಮಿನ ಗುಂಡಿ ಇಟ್ಟೆ.
ಸಿಂಚನಾ ತಿರುಗಿಸಿ ತಿರುಗಿಸಿ ನೋಡಿ,
"ಮೊದಲನೇದಲ್ವಾ ಆಂಟಿ, ಪರವಾಗಿಲ್ಲ,
ಆ ಒಂದು ಎಸಳು ಕಿತ್ತು ಬೇರೆ ಹಾಕಿ" ಅಂದಳು.
ಬೇಡ ಅಂದೆ.

ಡ್ಯೂಟಿಯಲ್ಲಿ ಹೂ ಮುಡಿಯುವ ಹಾಗಿರಲಿಲ್ಲ,
ಈಗ ಪಿನ್ನು ಕಚ್ಚುವಷ್ಟು ಕೂದಲಿಲ್ಲ.
ಎರಡು ಸಲ ಜಾರಿತು.
ಟ್ರೇ ತೊಳೆದು, ಒರೆಸಿ, ಅದರಲ್ಲಿಟ್ಟೆ.

ಟ್ರೇ?
ಅದೂ ಅದೇ ಚೀಲದಲ್ಲಿ ಬಂದದ್ದು.