ಹೆಸರು ಕೇಳಲಾಗಿ

ಓಲೀಟಾ ಅತ್ತೆಯ ಗೋಡೆಯ ಮೇಲೊಂದು ಲಾಂಛನ:
ಎರಡು ಸಿಂಹ, ಒಂದು ಕೋಟೆ, ಬಾಯ್ದೆರೆದ ಹದ್ದು.
ಅಂಚೆಯಲ್ಲಿ ತರಿಸಿದ್ದು, ಹದಿನೆಂಟು ಡಾಲರು.
ಡರ್ಸ್ಟ್ ಅಂದರೆ ಸುಮ್ಮನೆಯೇ? ದೊರೆಮನೆತನ, ಅನ್ನುತ್ತಿದ್ದಳು
ಹುರುಳಿಕಾಯಿಯ ನಾರು ಎಳೆಯುತ್ತ.

ಸ್ಕೂಲ್ ಬಸ್ಸು ಓಡಿಸಿ ನಿವೃತ್ತನಾದವನಿಗೆ
ಬೇರೇನು ಕೆಲಸ?
ಕೌಂಟಿ ಕಚೇರಿಯ ನೆಲಮಾಳಿಗೆಗೆ ಇಳಿದೆ.
ಗುಮಾಸ್ತೆ ವರ್ಲೀನ್, ಒಂದು ಕಾಲಕ್ಕೆ
ನನ್ನ ಬಸ್ಸಿನ ಕೊನೇ ಸೀಟಿನ ತುಂಟಿ,
ಕನ್ನಡಕದ ಮೇಲಿಂದ ನೋಡಿ
ಪೆನ್ನು ಹೊರಗಿಟ್ಟು ಬನ್ನಿ, ಅಂದಳು.

ಇಲಿ ಕಡಿದ ಅಂಚು. ಕಂದಿದ ಶಾಯಿ.
ಹದಿನೇಳುನೂರ ಎಪ್ಪತ್ತೊಂಬತ್ತು, ಮಾರ್ಚ್, ಮಂಗಳವಾರ.
ಹಂದಿಯ ಕಿವಿಗುರುತಿನ ವ್ಯಾಜ್ಯಕ್ಕೂ
ದೋಣಿಗಟ್ಟೆಯ ಸುಂಕಕ್ಕೂ ನಡುವೆ
ನಾಲ್ಕು ಸಾಲಿನಲ್ಲಿ ನಮ್ಮ ಮೂಲಪುರುಷ:

'ಸುಟ್ಟ ಗುಡಿಸಲ ಬಳಿ ಸಿಕ್ಕ ಗಂಡುಹುಡುಗ. ವಯಸ್ಸು ಆರಿರಬಹುದು.
ಇಂಗ್ಲಿಷ್ ಬಾರದು. ಹೆಸರು ಕೇಳಲಾಗಿ ಡರ್ಸ್ಟ್ ಎಂದ.
ಮತ್ತೆ ಕೇಳಲಾಗಿ ಅದನ್ನೇ ಎಂದ.
ಇಪ್ಪತ್ತೊಂದು ತುಂಬುವತನಕ ಗಿರಣಿಯ ಮೆಕಾಂಬ್ ಸುಪರ್ದಿಗೆ.'

ಆಮೇಲೆ ಸಿಕ್ಕಿದ್ದು ಚೂರುಪಾರು.
ತೆರಿಗೆ ಪಟ್ಟಿಯಲ್ಲಿ ಒಂದು ಕುದುರೆ, ಸೊನ್ನೆ ಎಕರೆ.
ಮೂರು ಬಗೆ ಕಾಗುಣಿತ, ಒಂದೂ ಅವನದಲ್ಲ.
ಹೆಂಡತಿ ಹ್ಯಾನ, ಅಷ್ಟೇ; ಯಾರ ಮಗಳೆಂದು ಯಾರೂ ಕೇಳಿರಲಿಲ್ಲ.
ಕೊನೆಗೆ ಬೆಟ್ಟದ ಬುಡದಲ್ಲಿ ನೂರು ಎಕರೆ,
'ಚೆರೋಕಿಗಳು ಬಿಟ್ಟುಕೊಟ್ಟ ನೆಲ' ಎಂದಿದೆ ಪತ್ರ.
ಬಿಟ್ಟದ್ದು ನಿಜವಿರಬಹುದು.
ಸಹಿಯ ಜಾಗದಲ್ಲಿ ಎರಡು ಗೀಟು,
ಒಂದನ್ನೊಂದು ದಾಟಿ ಹೋಗಿವೆ.

ಬೇಕರಿಯ ಮೆನ್ನೊನೈಟ್ ಮುದುಕಿ
ಹಿಟ್ಟಿನ ಕೈ ಒರೆಸಿಕೊಂಡು ನನ್ನ ಚೆಕ್ಕು ಓದಿದಳು.
ಡರ್ಸ್ಟ್? ನಮ್ಮ ಮಾತಲ್ಲಿ ಅದು ಬಾಯಾರಿಕೆ, ಅಂದಳು.
ನನ್ನ ಮುಖ ನೋಡಿ,
ಹೆಸರೂ ಇರಬಹುದಪ್ಪ, ಆ ಹೆಸರಿನವರೂ ಇದ್ದಾರೆ,
ಚಿಲ್ಲರೆ ಇದೆಯೇ?

ರೊಟ್ಟಿ ತೊಡೆಯ ಮೇಲಿಟ್ಟುಕೊಂಡು
ಗಾಡಿ ಚಾಲೂ ಮಾಡದೆ ಕೂತೆ.
ಇಡೀ ಕೋರ್ಟು ನೆರೆದಿತ್ತು ಅಂದು,
ನ್ಯಾಯಾಧೀಶ, ಗುಮಾಸ್ತ, ಹಂದಿಯ ಒಡೆಯ.
ಮೇಜಿನ ಮೇಲೆ ಹೂಜಿಯೂ ಇತ್ತೇನೋ.
ಹುಡುಗ ಎರಡು ಸಲ ನೀರು ಕೇಳಿದ.
ಎರಡು ಸಲವೂ
ಬರೆದುಕೊಂಡರು.

ಚರ್ಚಿನ ಹಿಂದಿನ ಇಳಿಜಾರಿನಲ್ಲಿ ನಮ್ಮವರ ನಲವತ್ತೊಂದು ಕಲ್ಲು.
ಹೈರಮ್ ಬಾಯಾರಿಕೆ, ಪ್ರೀತಿಯ ತಂದೆ.
ಲವೀನಾ ಬಾಯಾರಿಕೆ, ಎರಡು ದಿನದ ಕೂಸು.
ನಮ್ಮಪ್ಪ, ಪಕ್ಕದಲ್ಲಿ ನನಗೆಂದು ಕೊಂಡಿಟ್ಟ ಆರಡಿ ಹುಲ್ಲು.
ಬಸ್ಸಿನ ಕನ್ನಡಿಯಡಿ ಮೂವತ್ತು ವರ್ಷ
ಅದೇ ಹೆಸರಿನ ಬಿಲ್ಲೆ ನೇತಾಡಿತ್ತು;
ಮಕ್ಕಳು ದಿನವೂ ಕೂಗುತ್ತಿದ್ದರು,
ಮಿಸ್ಟರ್ ಡರ್ಸ್ಟ್, ಮಿಸ್ಟರ್ ಡರ್ಸ್ಟ್, ಇಲ್ಲೇ ನಿಲ್ಲಿಸಿ.

ಅತ್ತೆಗೀಗ ತೊಂಬತ್ತೊಂದು.
ಸಿಕ್ಕನೇನೋ ದೊರೆ? ಕೇಳಿದಳು.
ಸಿಕ್ಕ ಅತ್ತೆ, ಅಂದೆ,
ತುಂಬ ಚಿಕ್ಕವನು.
ಎಲ್ಲ ದೊರೆಗಳೂ ಮೊದಲು ಹಾಗೇ, ಎಂದು
ಮತ್ತೊಂದು ಕಾಯಿಯ ನಾರು ಎಳೆದಳು.