ಒಂಬತ್ತು ಮಿಲಿಮೀಟರ್

ಶಾರ್ಜಾದಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬಂದದ್ದು.
ಹ್ಯಾಂಡಲು ಟಗರಿನ ಕೊಂಬು, ಟಯರು ಹಗ್ಗದಷ್ಟು ಸಪೂರ.
ದೂಮಪ್ಪ ಮಾವ ಅದನ್ನು ಡಾಮರಿನಿಂದ ಕೆಳಗೆ
ಒಂದು ದಿನವೂ ಇಳಿಸಿದವರಲ್ಲ.
ಉಪ್ಪಳದಿಂದ ಕುಂಬಳೆ, ಕುಂಬಳೆಯಿಂದ ಉಪ್ಪಳ,
ಬಿಳಿ ಗೆರೆಯ ಮೇಲೆಯೇ.
ಜಲ್ಲಿ ಕಂಡರೆ ಇಳಿದು, ಹೆಗಲಿಗೆ ಹಾಕಿ,
ತೋಡಿನಲ್ಲಿ ಮಗುವನ್ನು ದಾಟಿಸಿದ ಹಾಗೆ ದಾಟಿಸುವುದು.

ಮೊಣಗಂಟು ಕೈಕೊಟ್ಟ ಮೇಲೆ ಹನ್ನೊಂದು ವರ್ಷ
ಗೋಡೆಗೆ ಒರಗಿ ನಿಂತಿತು.
ಸೀಟಿನ ಕೊಳವೆಯೊಳಗೆ ಕಣಜ ಮಣ್ಣಿನ ಮನೆ ಕಟ್ಟಿತು.

ನನಗೆ ಪಂಚಾಯತಿನ ನೀರಿನ ಕೆಲಸ.
ಐದು ವಾಲ್ವು, ಐದು ದಿಕ್ಕು, ನಡುವೆ ಬಾಯಾರು ಪದವು:
ಕಾದ ಮುರಕಲ್ಲು, ಮುಳಿಹುಲ್ಲು, ಕಲ್ಲು ತೆಗೆದ ಹೊಂಡ.
ನಾಲ್ಕೂವರೆಗೆ ಮೇಲಿನವರಿಗೆ ಬಿಟ್ಟು
ಆರಕ್ಕೆ ತಗ್ಗಿನವರಿಗೆ ತಿರುಗಿಸದಿದ್ದರೆ
ಮೂರು ಭಾಷೆಯಲ್ಲಿ ಫೋನು.
ಸ್ಕೂಟರು ಆ ಕಲ್ಲಿನಲ್ಲಿ ಎರಡು ಸಲ ಹೊಟ್ಟೆ ಒಡೆದುಕೊಂಡಿದೆ.

"ಆ ಕಬ್ಬಿಣ ಕೊಡಿ ಮಾವ" ಅಂದೆ.
ಪೇಪರಿನಿಂದ ತಲೆ ಎತ್ತಲಿಲ್ಲ.
"ಕಬ್ಬಿಣ ಅಲ್ಲ ಅದು, ಉಕ್ಕು."
ಅದನ್ನೇ ಒಪ್ಪಿಗೆ ಅಂತ ತಿಳಿದೆ.

ಅಂದುಂಞಿಯ ಅಂಗಡಿಯ ಬೋರ್ಡು ಮಲಯಾಳದಲ್ಲಿ,
ಚೀಟಿ ಕನ್ನಡದಲ್ಲಿ, ನಟ್ಟು ಜಾರಿದರೆ ಬಯ್ಯುವುದು ತುಳುವಿನಲ್ಲಿ.
ದಪ್ಪ ಚಕ್ರ ತಂದು ಹಿಂದಿನ ಕವಲಿಗೆ ಹಿಡಿದ.
ಹೋಗುವುದಿಲ್ಲ. ಒಂಬತ್ತು ಮಿಲಿಮೀಟರ್ ಕಡಿಮೆ,
ಮದುವೆಯ ಕಾಲದ ಪ್ಯಾಂಟು ಈಗ ಏರಿಸಿದ ಹಾಗೆ.
"ಅಲ್ಯುಮಿನಿಯಂ ಆದರೆ ಟಕ್ ಅನ್ನುತ್ತಿತ್ತು ವಾಲ್ವಕ್ಕಾ,
ಇದು ಮಾತು ಕೇಳುವ ಜಾತಿ."
ಉದ್ದದ ಬೋಲ್ಟು, ಎರಡು ನಟ್ಟು, ಎರಡು ವಾಷರು.
ಕಾಲು ಸುತ್ತು. ನಿಲ್ಲು.
ಇನ್ನು ಕಾಲು ಸುತ್ತು.
ನಾನು ಸ್ಕೇಲು ಹಿಡಿದವಳು, ಅವನು ಕಿವಿ ಇಟ್ಟವನು.
ಇಪ್ಪತ್ತು ಅಗಲಿಸಿ ಬಿಚ್ಚಿದರೆ ಹದಿನಾರು ಹಿಂದಕ್ಕೆ.
ಉಕ್ಕಿಗೆ ತನ್ನ ಹಳೆಯ ಜಾಗದ ನೆನಪುಂಟು.
ಮತ್ತೆ ಬಿಗಿಸಿದ. ಆರು ಕೊಟ್ಟಿತು.
ಚಾ ಬಂತು, ಆರಿತು.
ಸಂಜೆಯ ಬಾಂಗಿನ ಹೊತ್ತಿಗೆ ಒಂಬತ್ತು.
ಅವನು ನಮಾಜಿಗೆ ಹೋದ.
ನಾನು ಆ ಹೊಸ ಸಂದಿಯಲ್ಲಿ ಬೆರಳಿಟ್ಟು ಕೂತೆ.
ನಕ್ಷೆಯ ಮೇಲೆ ನಮ್ಮ ಗೆರೆ ಎಳೆದವರು
ಹೀಗೆ ಕಾಲು ಸುತ್ತಿಗೊಮ್ಮೆ ನಿಂತು ಕಿವಿಗೊಟ್ಟಿದ್ದರೋ ಏನೋ.
ಇರಲಿ. ಬ್ರೇಕಿನ ಕೆಲಸ ಬಾಕಿ ಇತ್ತು.

ಹಳೆಯ ಬ್ರೇಕು ಹೊಸ ರಿಮ್ಮಿಗೆ ಎಟಕಲಿಲ್ಲ.
ಗೇಟು ಗ್ರಿಲ್ಲು ಮಾಡುವ ಪಾವ್ಲು ಕ್ರಾಸ್ತ
ಹಿತ್ತಾಳೆ ಕರಗಿಸಿ ನಾಲ್ಕು ಗೂಟ ಕೂರಿಸಿದ.
ಅಲ್ಲೆಲ್ಲ ನೀಲಿ ಬಣ್ಣ ಸುಟ್ಟು ಕಪ್ಪಾಯಿತು.
ಅದನ್ನು ನೋಡಲಿಕ್ಕೆ ಮಾವನನ್ನು ಕರೆಯಲಿಲ್ಲ.

ಕೊಂಬು ತೆಗೆದು ನೇರದ್ದು ಹಾಕಿದ ದಿನ
ಅವರೇ ಅಂಗಳಕ್ಕೆ ಬಂದು ಕುರ್ಚಿ ಎಳೆದುಕೊಂಡರು.
ಕೊಂಬನ್ನು ಎತ್ತಿ, ಕೆಳಗಿನ ಬಾಗಿನಲ್ಲಿ ಎರಡೂ ಮುಷ್ಟಿ ಬಿಗಿದು,
ಬೆನ್ನು ಬಗ್ಗಿಸಿ,
ಕೂತಲ್ಲೇ ಯಾರನ್ನೋ ಹಿಂದೆ ಹಾಕಿದರು.
ಆಮೇಲೆ ಒಳಗೆ ಒಯ್ದರು.
ಈಗ ಅದರಲ್ಲಿ ಅವರ ಬೈರಾಸು ಒಣಗುತ್ತದೆ.

ನಿನ್ನೆ ನಾಲ್ಕೂವರೆ. ಟಾರ್ಚು ಹ್ಯಾಂಡಲಿಗೆ ಕಟ್ಟಿ ಹೊರಟೆ.
ಡಾಮರು ಮುಗಿಯುವಲ್ಲಿ, ಈ ಸೈಕಲ್ಲು ಯಾವಾಗಲೂ ಹೆಗಲೇರುವಲ್ಲಿ,
ಇಳಿಯಲಿಲ್ಲ.
ಮುರಕಲ್ಲು ಸೊಂಟದಿಂದ ಹಲ್ಲಿನವರೆಗೆ ಮಾತಾಡಿತು.
ಟಿಟ್ಟಿಭವೊಂದು ಎದ್ದು ಇಡೀ ಪದವಿಗೆ ಚಾಡಿ ಹೇಳಿತು.
ಕಲ್ಲಿನ ಹೊಂಡದ ಅಂಚಿನಲ್ಲಿ ಚೈನು ಬಿತ್ತು.
ಕತ್ತಲಲ್ಲಿ ಗ್ರೀಸು ತಡಕುತ್ತಾ ಕೂತಿದ್ದಾಗ
ಕಾಲಡಿಯ ಪೈಪಿನಲ್ಲಿ
ಇನ್ನೂ ಯಾರ ಪಾಲಿಗೂ ಹೋಗದ ನೀರು
ಗುಡುಗುಡು ಅನ್ನುತ್ತಿತ್ತು.
ಐದು ಮಿನಿಟು ತಡ. ಒಂದೇ ಫೋನು ಬಂತು.

ಮನೆಗೆ ಬಂದರೆ ಮಾವ ಜಗಲಿಯಲ್ಲಿ.
ಟಯರಿನ ಗಂಟುಗಳ ನಡುವಿನ ಕೆಂಪು ಹುಡಿಯನ್ನು
ಉಗುರಿನಿಂದ ಕೆರೆದು ನೋಡಿದರು.
"ಎಷ್ಟು ಮಿನಿಟು?"
"ನಲವತ್ತೊಂದು. ಚೈನು ಬಿತ್ತು."
"ನಿಧಾನ" ಅಂದು, ಒರಸುವ ಬಟ್ಟೆ ಹುಡುಕಿದರು.

ಪೆಡಲಿನ ಹತ್ತಿರ ಕಿರ್ ಅನ್ನುವ ಸದ್ದೊಂದು ಉಂಟು.
ಎಲ್ಲಿಂದ ಅಂತ
ಇಬ್ಬರಿಗೂ ಸಿಕ್ಕಿಲ್ಲ.